ಹಿರಿಯರು ತಿನ್ನುವ ಹಬೆ

ಮುತ್ಸುಕೊ ಜೊತೆ ಅಂಗಡಿಗೆ ಹೋಗುವುದೆಂದರೆ ನನಗೆ ತಲೆ ತಗ್ಗಿಸುವ ಕೆಲಸ. ಊರಿನವರೆಲ್ಲ ಮೀನಿನ ಕಣ್ಣು ನೋಡುತ್ತಾರೆ, ಮೂಲಂಗಿಯ ಬುಡ ಚಿವುಟುತ್ತಾರೆ. ಇವಳು ಮಾತ್ರ ಪೊಟ್ಟಣದ ಅಂಚನ್ನು ಎರಡು ಬೆರಳಿನ ನಡುವೆ ಹಿಡಿದು ಉಜ್ಜುತ್ತಾಳೆ. ಉಜ್ಜಿ, ಕಿವಿಯ ಹತ್ತಿರ ತಂದು ಸದ್ದು ಕೇಳುತ್ತಾಳೆ. ಆಮೇಲೆ ಒಳಗೆ ಏನಿದೆ ಎಂದೂ ನೋಡದೆ ತಿರುಗಿ ಇಟ್ಟುಬಿಡುತ್ತಾಳೆ.

"ಏನೇ, ಕೊಳ್ತೀಯೋ ಇಲ್ವೋ? ಅಂಗಡಿಯವನು ನಮ್ಮನ್ನೇ ನೋಡ್ತಿದಾನೆ" ಎಂದು ನಾನು ಗದರುತ್ತೇನೆ.

"ಅಕ್ಕ, ಇದು ಮೂರು ಪದರದ್ದು. ನಡುವಿಂದು ನಮ್ಮದು" ಎನ್ನುತ್ತಾಳೆ. ಬೇರೆಯವರು ಮೊಮ್ಮಕ್ಕಳ ಫೋಟೋ ತೋರಿಸುವಾಗ ಇರುತ್ತದಲ್ಲ, ಆ ಮುಖ. ಅಲ್ಲ, ಈಚೆಗೆ ಹಾಗೆ ಮಾಡುವುದನ್ನು ಬಿಟ್ಟಿದ್ದಾಳೆ. ಯಾಕೆ ಬಿಟ್ಟಳು ಎಂದು ಗೊತ್ತಿರುವವಳು ನಾನೊಬ್ಬಳೇ. ಅದಕ್ಕೇ ಇದನ್ನು ಬರೆಯಲು ಕೂತೆ.

ನಾವಿಬ್ಬರೂ ಕೆಲಸ ಮಾಡಿದ್ದು ಶಿಜುವೊಕಾದಲ್ಲಿ, ಓಯಿ ನದಿ ಸಮುದ್ರ ಸೇರುವ ಬಯಲಿನ ಒಂದು ಪ್ಲಾಸ್ಟಿಕ್ ಹಾಳೆಯ ಕಾರ್ಖಾನೆಯಲ್ಲಿ. ಉಪ್ಪಿನಕಾಯಿ, ಒಣಮೀನಿನ ತುರಿ, ಅಕ್ಕಿಯ ಬಿಸ್ಕತ್ತು, ಹೀಗೆ ಕೆಡಬಾರದ್ದನ್ನೆಲ್ಲ ಕಟ್ಟುವ ಹಾಳೆ. ನನ್ನ ಹೆಸರು ಕಾಯೊ. ಪರೀಕ್ಷೆಯ ಕೋಣೆಯಲ್ಲಿ ನಾನು ಅವಳಿಗಿಂತ ಹಿರಿಯಳು, ಬಾಯಿ ಜೋರಿನವಳು ಎಂದು ಹೆಸರು ತೆಗೆದವಳು. ಮುತ್ಸುಕೊ ನದಿಯ ಮೇಲುಗಡೆ, ಬೆಟ್ಟದ ಚಹಾ ತೋಟಗಳ ಹಳ್ಳಿಯವಳು. ಶಾಲೆ ಮುಗಿಸಿ ನೇರ ನಮ್ಮ ಕೋಣೆಗೆ ಬಂದಳು. ಮೊದಲ ವಾರವೇ ಅವಳ ಕೈ ನೋಡಿ, ಇವಳು ಇಲ್ಲೇ ಮುದುಕಿಯಾಗುತ್ತಾಳೆ ಅಂದುಕೊಂಡೆ. ಹಾಗೇ ಆಯಿತು.

ನಮ್ಮ ಕೆಲಸ ನೋಡಲು ಬಹಳ ಬೇಸರದ್ದು. ಯಂತ್ರದ ನಡುವೆ ಒಂದು ಹಾಳೆ ಬಿಗಿಯಬೇಕು. ಒಂದು ಬದಿಗೆ ಆಮ್ಲಜನಕ ಬಿಡಬೇಕು, ಇನ್ನೊಂದು ಬದಿಗೆ ಎಷ್ಟು ನುಸುಳಿ ಬಂತೆಂದು ಕಾಯಬೇಕು. ಅದನ್ನೇ ಒಣ ಗಾಳಿಯಲ್ಲೊಮ್ಮೆ, ತೇವದ ಗಾಳಿಯಲ್ಲೊಮ್ಮೆ ಮಾಡಬೇಕು. ಯಾಕೆಂದರೆ ನಮ್ಮ ಹಾಳೆಯ ನಡುವಿನ ಪದರದ ಸ್ವಭಾವವೇ ವಿಚಿತ್ರ. ಒಣಗಿದ್ದಾಗ ಅದರಷ್ಟು ಬಿಗಿ ಇನ್ನೊಂದಿಲ್ಲ. ಹೊರಗಿನ ಆಮ್ಲಜನಕ ತಲೆ ಚಚ್ಚಿಕೊಂಡರೂ ಒಳಗೆ ಬಿಡುವುದಿಲ್ಲ, ಒಳಗಿನ ಘಮವನ್ನು ಹೊರಗೆ ಕಳಿಸುವುದಿಲ್ಲ. ತೇವ ಕುಡಿಯಿತೋ, ಮೆತ್ತಗಾಗಿ ಬಾಗಿಲು ತೆರೆದು ಕೂರುತ್ತದೆ.

ಹೊಸದಾಗಿ ಸೇರಿದ ಹುಡುಗಿಯರಿಗೆ ಮುತ್ಸುಕೊ ಇದನ್ನು ವಿವರಿಸುತ್ತಿದ್ದ ರೀತಿಯೇ ಬೇರೆ.

"ಚಳಿಗಾಲದಲ್ಲಿ ನಮ್ಮ ಬೆಟ್ಟದ ರೈಲಿನ ಬೆಂಚು ನೋಡಿದೀರಾ? ಹೆಂಗಸರು ಕೈಗೆ ಕೈ ಹೆಣೆದು, ಮೈಗೆ ಮೈ ತಾಗಿಸಿ ಕೂತಿರ್ತಾರೆ. ನಡುವೆ ಒಂದು ಸೂಜಿನೂ ಹೋಗಲ್ಲ. ಅಷ್ಟರಲ್ಲಿ ಒಬ್ಬಳು ದಪ್ಪ ಅತ್ತೆ ಹತ್ತಿ, ಸ್ವಲ್ಪ ಸರೀರಮ್ಮ ಅಂತ ನಡುವೆ ತೂರಿಕೊಳ್ತಾಳೆ. ಅವಳೇ ನೀರು. ಹೆಣೆದ ಕೈ ಬಿಟ್ಟುಹೋಯ್ತು, ಸಂದಿ ಆಯ್ತು. ಸಂದೀಲಿ ಯಾರು ಬೇಕಾದ್ರೂ ನುಗ್ಗಬಹುದು."

"ಅತ್ತೆ ಇಳಿದು ಹೋದ್ಮೇಲೆ?" ಎಂದು ಹುಡುಗಿಯರು ಕೇಳುತ್ತಿದ್ದರು.

"ಮತ್ತೆ ಒತ್ತಿಕೊಂಡು ಕೂರ್ತಾರೆ. ಹಾಳೆ ಒಣಗಿದ್ರೆ ಮೊದಲಿನ ಹಾಗೇ ಗಟ್ಟಿ. ಆದ್ರೆ ಅಷ್ಟರಲ್ಲಿ ಒಳಗೆ ನುಗ್ಗಿದ್ದು ನುಗ್ಗಿತು, ಹೊರಗೆ ಹೋದದ್ದು ಹೋಯ್ತು. ಅದನ್ನ ಯಾರೂ ವಾಪಸ್ ಕರೆಯಕ್ಕಾಗಲ್ಲ."

ಅದಕ್ಕೇ ಆ ಪದರಕ್ಕೆ ಮೇಲೊಂದು ಕೆಳಗೊಂದು ಬೇರೆ ಹಾಳೆಯ ರೇನ್‌ಕೋಟು ತೊಡಿಸುತ್ತೇವೆ. ರೇನ್‌ಕೋಟು ಮಳೆಯನ್ನು ತಡೆಯುತ್ತದೆ, ನಿಜ. ಆದರೆ ಬಿಡುವೇ ಇಲ್ಲದೆ ವರ್ಷಗಟ್ಟಲೆ ಸುರಿದರೆ ಯಾವ ರೇನ್‌ಕೋಟಾದರೂ ಒಳಗೆ ಒದ್ದೆಯೇ. ಒಣಗಿದ ಹಾಳೆಯನ್ನು ಉಜ್ಜಿದರೆ ಚರಚರ ಅನ್ನುತ್ತದೆ. ಪೂರಾ ತೇವ ಕುಡಿದದ್ದು ಸದ್ದು ಮಾಡುವುದಿಲ್ಲ. ಮುತ್ಸುಕೊ ಬೆರಳಿಗೆ ಅಂಟಿದ ಚಟ ಅಲ್ಲಿಯದು.

ಅವಳ ಮದುವೆಯ ಕಥೆ ಚಿಕ್ಕದು. ಯಾಯಿಜು ಬಂದರಿನ ಒಂದು ಮೀನು ವ್ಯಾಪಾರದ ಮನೆಗೆ ಕೊಟ್ಟರು. ಮಕ್ಕಳಾಗಲಿಲ್ಲ ಎಂದು ಅತ್ತೆ ಒಂದು ದಿನ ಊಟದ ಮುಂದೆ ಆಡಬಾರದ ಮಾತು ಆಡಿದಳಂತೆ. ಗಂಡ ಅನ್ನದ ಬಟ್ಟಲಿನಿಂದ ತಲೆ ಎತ್ತಲಿಲ್ಲವಂತೆ. ಇವಳು ಒಂದು ಬಟ್ಟೆಗಂಟು ಹಿಡಿದು ಬೆಟ್ಟ ಹತ್ತಿ ತವರಿಗೆ ಬಂದಳು. ಹಳ್ಳಿಯವರ ಬಾಯಿಗೆ ಎಲೆ ಅಡಿಕೆ ಸಿಕ್ಕಂತಾಯಿತು. ಅಪ್ಪ ತಮೆಕಿಚಿ ಅಂಗಳದಲ್ಲಿ ಬುಟ್ಟಿಗಳನ್ನು ಒಣಗಿಸುತ್ತಿದ್ದವನು ಅವಳ ಗಂಟು ನೋಡಿದ, ಮುಖ ನೋಡಿದ.

"ಸರಿಯಾದ ಹೊತ್ತಿಗೆ ಬಂದೆ. ನಾಳೆಯಿಂದ ಕೊಯ್ಲು" ಅಂದ. ಆ ವಿಷಯದಲ್ಲಿ ಅವನು ಆಡಿದ ಮಾತು ಅದೊಂದೇ. ಸಾಯುವವರೆಗೂ ಇನ್ನೊಂದು ಕೇಳಲಿಲ್ಲ. ಇದನ್ನು ಹೇಳುವಾಗಲೆಲ್ಲ ಮುತ್ಸುಕೊ ಕಣ್ಣು ತುಂಬುತ್ತಿತ್ತು, ನನ್ನದೂ. ಆಮೇಲೆ ಅವಳು ದಿನವೂ ಬೆಟ್ಟದ ರೈಲಿನಲ್ಲಿ ಇಳಿದು ಕಾರ್ಖಾನೆಗೆ ಬರುತ್ತಿದ್ದಳು, ಸಂಜೆ ಹತ್ತಿ ಹೋಗುತ್ತಿದ್ದಳು.

ತಮೆಕಿಚಿ ಆ ಹಳ್ಳಿಯಲ್ಲಿ ಕೈಯಿಂದ ಚಹಾ ಹೊಸೆಯಬಲ್ಲ ಕೊನೆಯವನು. ಮಾರುವ ಚಹಾವನ್ನು ಅವನೂ ಎಲ್ಲರಂತೆ ಸೊಸೈಟಿಯ ಯಂತ್ರಕ್ಕೇ ಹಾಕುತ್ತಿದ್ದ. ಆದರೆ ಪ್ರತಿ ಮೇ ತಿಂಗಳು, ಮೊದಲ ಚಿಗುರು ಬಂದಾಗ, ಒಂದು ಒಲೆಯಷ್ಟನ್ನು ಮನೆಗೆಂದು ತಾನೇ ಹೊಸೆಯುತ್ತಿದ್ದ. ಕೆಳಗೆ ಕೆಂಡ, ಮೇಲೆ ಗೆಡ್ಡೆಯ ಅಂಟು ಬಳಿದ ದಪ್ಪ ಕಾಗದದ ಹಾಸು. ಹಬೆಯಲ್ಲಿ ಬಾಡಿಸಿದ ಎಲೆಯನ್ನು ಆ ಬಿಸಿ ಕಾಗದದ ಮೇಲೆ ಬೆಳಿಗ್ಗೆಯಿಂದ ಸಂಜೆವರೆಗೆ ಎತ್ತಿ ಉದುರಿಸಿ, ಒತ್ತಿ, ಅಂಗೈಗಳ ನಡುವೆ ಹೊಸೆದು ಹೊಸೆದು ಒಣಗಿಸಬೇಕು. ಕೊನೆಗೆ ಪ್ರತಿ ಚಿಗುರೂ ಕಡುಹಸಿರು ಸೂಜಿಯಾಗುತ್ತದೆ. ಒಂದಾದರೂ ಮುರಿದಿರುವುದಿಲ್ಲ.

ನಾನು ಪ್ರತಿ ವರ್ಷ ಕೊಯ್ಲಿಗೆ ಸಹಾಯ ಮಾಡುತ್ತೇನೆಂದು ಹೋಗುತ್ತಿದ್ದೆ. ಕೊಯ್ದದ್ದು ಕಡಿಮೆ, ತಿಂದದ್ದು ಹೆಚ್ಚು. ನಿಜವಾಗಿ ಹೋಗುತ್ತಿದ್ದುದು ಆ ಗಂಡ ಹೆಂಡಿರ ಜಗಳ ಕೇಳಲು. ಹೊಸ ಚಹಾದ ಮೊದಲ ಬಟ್ಟಲು ಯಾವಾಗಲೂ ತಾಯಿ ತೋಮಿಗೆ. ಅವಳು ಒಂದು ಗುಟುಕು ಕುಡಿಯುವಳು, ಮುಖ ಗಂಟಿಕ್ಕುವಳು.

"ರೀ, ಈ ಸಲಾನೂ ಕೆಂಡ ಜಾಸ್ತಿ ಮಾಡಿದೀರಿ. ಸೀದ ವಾಸನೆ."

"ಎಲ್ಲಿ ಸೀದಿದೆ?"

"ನನ್ನ ಮೂಗಲ್ಲಿ."

"ಹಾಗಾದ್ರೆ ಮೂಗು ಬದಲಾಯಿಸು."

"ಬದಲಾಯಿಸ್ಬೇಕಾದ್ದು ಮೂಗಲ್ಲ. ಆ ಕಾಲದಲ್ಲೇ ಯಾರಾದ್ರೂ ಬುದ್ಧಿ ಹೇಳಿದ್ರೆ ಗಂಡನ್ನೇ ಬದಲಾಯಿಸ್ತಿದ್ದೆ" ಎಂದು ಬಟ್ಟಲು ಮುಂದೆ ಚಾಚುವಳು. ಹೀಗೆ ಬೈಯುತ್ತಲೇ ಪಾತ್ರೆ ಖಾಲಿ ಮಾಡುವಳು.

ಬೇರೆಯವರ ಮನೆಯ ಚಹಾ ಕುಡಿದಾಗ ಅದೇ ತೋಮಿ ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈಯಲ್ಲಿ ಬಟ್ಟಲು ಹಿಡಿದು, "ಬಹಳ ಚೆನ್ನಾಗಿದೆ, ಎಲ್ಲಿಂದ ತರಿಸಿದ್ರಿ?" ಎಂದು ಕೇಳುತ್ತಿದ್ದಳು. ಒಮ್ಮೆ ತಮೆಕಿಚಿ ನನ್ನ ಕಿವಿಯಲ್ಲಿ ಹೇಳಿದ: "ಅವಳು ಹೊಗಳಿದ್ಳು ಅಂದ್ರೆ ಆ ಚಹಾ ಕಥೆ ಮುಗೀತು ಅಂತ. ಎರಡನೇ ಬಟ್ಟಲು ಕೇಳ್ತಾಳಾ ನೋಡ್ತಿರು." ಅವಳು ಕೇಳಲಿಲ್ಲ. ಹೊಗಳಿಕೆ ಹೊರಗಿನವರಿಗೆ, ಬೈಗುಳ ಮನೆಯವರಿಗೆ, ಅಷ್ಟೇ ಅವಳ ಲೆಕ್ಕ.

ಮಗಳ ಕೆಲಸದ ಬಗ್ಗೆ ತಮೆಕಿಚಿಗೆ ಒಳಗೊಳಗೇ ಹೆಮ್ಮೆ, ಹೊರಗೆ ಬರೀ ತಮಾಷೆ. ಅವನ ನಂಬಿಕೆಯೆಲ್ಲ ಮನೆಯ ಹಳೆಯ ಚಹಾ ಪೆಟ್ಟಿಗೆಯ ಮೇಲೆ. ಹೊರಗೆ ದೇವದಾರು ಮರ, ಒಳಗೆ ಪೂರ್ತಿ ತಗಡು ಬಡಿದದ್ದು, ಅವನ ತಾತನ ಕಾಲದ್ದು.

"ಏನಮ್ಮ, ನಿನ್ನ ಹಾಳೆ ನಮ್ಮ ಮಳೆಗಾಲ ತಡೀತದಾ?"

"ಒಣಗಿದ್ರೆ ನಿನ್ನ ತಗಡಿಗೇನೂ ಕಡಿಮೆ ಇಲ್ಲ ಅಪ್ಪ."

"ಒಣಗಿದ್ರೆ! ಒಣಗಿದ್ರೆ ನಿನ್ನೆ ಪೇಪರೂ ಗಟ್ಟಿನೇ."

ಅವನ ಕೊನೆಯ ವಸಂತದಲ್ಲಿ ಎದೆಯ ಡಾಕ್ಟರು ಒಲೆಯ ಹತ್ತಿರ ಸುಳಿಯಬಾರದು ಎಂದು ಹೇಳಿದ್ದರು. ತೋಮಿ ಕಾಗದದ ಹಾಸನ್ನು ಬಚ್ಚಿಟ್ಟಿದ್ದಳು. ಅವನು ಹುಡುಕಿ ತೆಗೆದ. ಅರ್ಧ ದಿನ ಹೊಸೆದು, ಸ್ವಲ್ಪ ಹೊತ್ತು ಗೋಡೆಗೆ ಒರಗಿ ಕೂತು, ಮತ್ತೆ ಎದ್ದು ಹೊಸೆದ. ಮುತ್ಸುಕೊ ಕೈ ಹಾಕಲು ಹೋದರೆ ಮೊಣಕೈಯಿಂದ ತಳ್ಳಿದ. ಆ ವರ್ಷದ ಚಹಾ ಹೇಗಿತ್ತು ಎಂದು ಕುಡಿದವಳು ನಾನು, ಹೇಳಬಲ್ಲೆ: ಒಂದು ಕೂದಲೆಳೆಯಷ್ಟು ಸೀದಿತ್ತು. ತೋಮಿ ಆ ದಿನ ಬೈದ ಬೈಗುಳ ಇಡೀ ಬೆಟ್ಟಕ್ಕೇ ಕೇಳಿಸಿತು. ಜೂನ್ ತಿಂಗಳ ಜಿಟಿಜಿಟಿ ಮಳೆ ಹಿಡಿದಾಗ ತಮೆಕಿಚಿ ಹೋದ. ಮಧ್ಯಾಹ್ನದ ಊಟ ಮುಗಿಸಿ, ಜಗುಲಿಯಲ್ಲಿ ಕೂತಿದ್ದವನು ಹಾಗೇ.

ನಲವತ್ತೊಂಬತ್ತನೆಯ ದಿನದ ಪೂಜೆಗೆ ಬಂದವರಿಗೆಲ್ಲ ಅದೇ ಚಹಾ ಕೊಟ್ಟರು. ಎರಡು ಹಿಡಿ ಉಳಿಯಿತು. ಅದನ್ನು ಮುತ್ಸುಕೊ ಕಾರ್ಖಾನೆಗೆ ತಂದಳು. ಮೇಲಿನವರನ್ನು ಕೇಳಿ, ನಮ್ಮ ಪಾರದರ್ಶಕ ಹಾಳೆಯಲ್ಲೇ ಒಂದು ಚೀಲ ಮಾಡಿ, ಒಳಗಿನ ಗಾಳಿ ಎಳೆದು, ಸಾರಜನಕ ತುಂಬಿ, ಬಾಯಿ ಬೆಸೆದಳು.

"ಅಲ್ಯುಮಿನಿಯಂ ಇರೋ ಹಾಳೇಲಿ ಹಾಕೇ. ಬೆಳಕೂ ಬೀಳಲ್ಲ, ಏನೂ ನುಗ್ಗಲ್ಲ" ಎಂದೆ.

"ಅಮ್ಮನಿಗೆ ಅದು ಕಾಣ್ತಿರ್ಬೇಕಂತೆ ಅಕ್ಕ. ಅಪ್ಪ ಹೊಸೆದ ಕೈ ಕಾಣಲಿ ಅಂತಾಳೆ. ಅಲ್ಯುಮಿನಿಯಂ ಹಾಕಿದ್ರೆ ಏನು ಕಾಣುತ್ತೆ, ನಮ್ಮ ಮುಖ." ಸ್ವಲ್ಪ ತಡೆದು ಹೇಳಿದಳು: "ಮತ್ತೆ ಇದು ನಾನೇ ಪರೀಕ್ಷೆ ಮಾಡಿದ ಹಾಳೆ."

ಅದರಲ್ಲಿ ತಪ್ಪು ಹುಡುಕಲು ಏನಿತ್ತು? ಕಾರ್ಖಾನೆಯ ಒಣ ಕೋಣೆಯಲ್ಲಿ ಅಂಥ ಚೀಲಗಳು ವರ್ಷಗಟ್ಟಲೆ ಗಟ್ಟಿಯಾಗಿ ಕೂತಿದ್ದನ್ನು ನಾವಿಬ್ಬರೂ ನೋಡಿದವರೇ.

ಪೊಟ್ಟಣ ಎಲ್ಲಿ ಇಡಬೇಕು ಎಂಬ ಪ್ರಶ್ನೆಯೇ ಬರಲಿಲ್ಲ. ಹಿರಿಯರ ಗೂಡಿನಲ್ಲಿ, ಅಂದರೆ ತೀರಿಹೋದವರನ್ನು ಪೂಜಿಸುವ ಬಾಗಿಲಿರುವ ಮರದ ಪೆಟ್ಟಿಗೆಯಲ್ಲಿ, ತಮೆಕಿಚಿಯ ಫೋಟೋದ ಹಿಂದೆ, ಅವನ ಹೆಸರಿನ ಕಪ್ಪು ಹಲಗೆಗೆ ಒರಗಿಸಿ ಇಟ್ಟರು. ಇನ್ನೆಲ್ಲಿ ಇಡುತ್ತಾರೆ? ನಮ್ಮ ಕಡೆ ಒಳ್ಳೆಯ ಸುದ್ದಿ, ಮಗುವಿನ ಅಂಕಪಟ್ಟಿ, ಯಾರೋ ತಂದ ಕಲ್ಲಂಗಡಿ, ಎಲ್ಲ ಮೊದಲು ಹೋಗುವುದು ಅಲ್ಲಿಗೇ. ಬೆಳಿಗ್ಗೆ ಪಾತ್ರೆಯ ಮುಚ್ಚಳ ತೆಗೆದ ಕೂಡಲೇ ಮೊದಲ ಅನ್ನ ಹಿತ್ತಾಳೆಯ ಪುಟ್ಟ ಬಟ್ಟಲಲ್ಲಿ ಅವರಿಗೆ, ಮೊದಲ ಚಹಾ ಅವರಿಗೆ. ಹಿರಿಯರು ಅನ್ನ ತಿನ್ನುವುದಿಲ್ಲ, ಹಬೆ ತಿನ್ನುತ್ತಾರೆ. ಹಾಗಾಗಿ ಕುದಿಕುದಿಯುವಾಗಲೇ ಇಡಬೇಕು. ಎಲ್ಲರೂ ಗೂಡಿನ ಬಾಗಿಲು ತೆರೆದಿಟ್ಟೇ ಗಂಟೆ ಬಾರಿಸಿ ಕೈ ಮುಗಿಯುತ್ತಾರೆ. ತೋಮಿ ಮಾತ್ರ ಕೈ ಮುಗಿದ ಮೇಲೆ ಬಾಗಿಲು ಎಳೆದು ಮುಚ್ಚಿಬಿಡುತ್ತಿದ್ದಳು. ಬದುಕಿರುವಾಗ ತಮೆಕಿಚಿ ಉಗುರುಬೆಚ್ಚಗಿನದನ್ನು ಬಾಯಿಗೆ ಹಾಕಿದವನಲ್ಲ.

"ಬಾಗಿಲು ತೆಗೆದಿಟ್ರೆ ಹಬೆಯೆಲ್ಲ ಕೋಣೆಗೆ ಹೋಗುತ್ತೆ. ಅವರಿಗೇನು ಉಳಿಯುತ್ತೆ? ನೊಣಕ್ಕಾ ನಾನು ಅಡಿಗೆ ಮಾಡೋದು?" ಎನ್ನುತ್ತಿದ್ದಳು. ಮಧ್ಯಾಹ್ನ ಬಾಗಿಲು ತೆರೆದು ತಣ್ಣಗಾದ ಅನ್ನ ತೆಗೆದು ತಾನು ತಿನ್ನುತ್ತಿದ್ದಳು. ಗಂಡನ ಎಂಜಲು ಎಂದು ನಗುತ್ತಿದ್ದಳು.

ಎರಡು ವರ್ಷ ಹೋಯಿತು. ತೋಮಿ ಮರೆಯತೊಡಗಿದಳು. ಮೊದಲು ಪಾತ್ರೆ ಇಟ್ಟ ಜಾಗ, ಆಮೇಲೆ ನೆರೆಯವರ ಹೆಸರು, ಆಮೇಲೆ ಋತು. ಚಳಿಗಾಲದಲ್ಲಿ ಬುಟ್ಟಿ ಹಿಡಿದು ತೋಟಕ್ಕೆ ಕೊಯ್ಲಿಗೆ ಹೊರಡುತ್ತಿದ್ದಳು. ಮುತ್ಸುಕೊ ಕೆಲಸವನ್ನು ಅರ್ಧ ದಿನಕ್ಕೆ ಇಳಿಸಿಕೊಂಡಳು, ಅವಳಿಲ್ಲದ ಹೊತ್ತು ಪಕ್ಕದ ಮನೆಯವರು ನೋಡಿಕೊಳ್ಳುತ್ತಿದ್ದರು. ಒಂದು ಸಂಜೆ ರೈಲು ಇಳಿದು ಮನೆಗೆ ಬಂದರೆ ತೋಮಿ ಬಾಗಿಲಲ್ಲಿ ಮಂಡಿಯೂರಿ, ನೆಲಕ್ಕೆ ಕೈ ಊರಿ, ತಲೆ ಬಾಗಿಸಿದಳಂತೆ.

"ದೂರದಿಂದ ಬಂದಿದೀರಿ. ಒಳಗೆ ಬನ್ನಿ. ಮನೆ ಸ್ವಲ್ಪ ಕೊಳಕಾಗಿದೆ, ಕ್ಷಮಿಸಿ."

ಮುತ್ಸುಕೊ ನಗಲು ನೋಡಿದಳಂತೆ. "ಅಮ್ಮ, ನಾನೇ" ಅಂದಳಂತೆ. ತೋಮಿ ಮರ್ಯಾದೆಯಿಂದ ನಕ್ಕು ಚಹಾ ಕೊಟ್ಟಳು. ಸ್ವಲ್ಪ ಹೊತ್ತಾದ ಮೇಲೆ, "ಕತ್ತಲಾಗ್ತಾ ಬಂತು. ಹೊರಡಿ. ನಿಮ್ಮಮ್ಮ ಕಾಯ್ತಿರ್ತಾರೆ" ಅಂದಳು.

ಮರುದಿನ ಕ್ಯಾಂಟೀನಿನಲ್ಲಿ ಇದನ್ನು ನನಗೆ ಹೇಳುವಾಗ ಮುತ್ಸುಕೊ ನೂಡಲ್ಸಿನ ಬಟ್ಟಲಿಗೆ ಮುಖ ಬಗ್ಗಿಸಿದ್ದಳು. ಸಾರಿನೊಳಗೆ ಕಣ್ಣೀರು ಬೀಳುತ್ತಿತ್ತು.

ಆ ದಿನದಿಂದ ತೋಮಿ ಅವಳನ್ನು ನೀವು ಎಂದೇ ಕರೆದಳು. ಬೈಗುಳ ನಿಂತುಹೋಯಿತು. ಏನು ಮಾಡಿಕೊಟ್ಟರೂ "ಬಹಳ ರುಚಿಯಾಗಿದೆ, ತೊಂದರೆ ಕೊಟ್ಟೆ." ಸ್ನಾನ ಮಾಡಿಸಿದರೆ "ನಿಮ್ಮ ಉಪಕಾರ ದೊಡ್ಡದು." ಕೇಳಿದವರು, ಎಂಥ ಒಳ್ಳೆಯ ಮುದುಕಿ, ಎಷ್ಟು ವಿನಯ ಎನ್ನುತ್ತಿದ್ದರು. ಅಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿ.

"ಅಕ್ಕ, ನನಗೆ ಹೆಚ್ಚೇನೂ ಬೇಡ" ಎಂದು ಮುತ್ಸುಕೊ ಒಮ್ಮೆ ಹೇಳಿದಳು. "ಅವಳು ನನ್ನ ಹೆಸರು ಹಿಡಿದು ಕರೀಬೇಕು ಅಂತಿಲ್ಲ. ಒಂದೇ ಒಂದು ಸಲ ನನ್ನನ್ನ ಬೈದ್ರೆ ಸಾಕು. ಅಪ್ಪನ ಚಹಾ ಇದೆಯಲ್ಲ. ಆ ಸೀದ ವಾಸನೆ ಮೂಗಿಗೆ ಹೋದ್ರೆ ಬೈದೇ ಬೈತಾಳೆ. ಬೈಯದೆ ಇರಕ್ಕೆ ಅವಳಿಗಾಗಲ್ಲ."

"ಹಾಗಾದ್ರೆ ಇವತ್ತೇ ಒಡಿ. ಯಾರಿಗೆ ಕಾಯ್ತಿದೀಯ?"

"ಇರೋದು ಒಂದೇ ಅಕ್ಕ. ಒಡೆದ್ರೆ ಮುಗೀತು. ಅಪ್ಪನ ಏಳನೇ ವರ್ಷದ ಪೂಜೆ ಬರಲಿ. ಅಲ್ಲೀವರೆಗೆ ಅದು ಅಲ್ಲಿದೆ ಅನ್ನೋ ಧೈರ್ಯ ಆದ್ರೂ ಇರುತ್ತೆ."

ಆ ಧೈರ್ಯದ ಮೇಲೆ ಅವಳು ಬದುಕಿದಳು. ಎಲ್ಲ ಮರೆತ ತೋಮಿ ಒಂದನ್ನು ಮಾತ್ರ ಮರೆತಿರಲಿಲ್ಲ. ಬೆಳಿಗ್ಗೆ ಮುತ್ಸುಕೊ ಅನ್ನದ ಪಾತ್ರೆಯ ಮುಚ್ಚಳ ತೆಗೆದರೆ ಸಾಕು, ಎಲ್ಲಿದ್ದರೂ ಎದ್ದು ಬಂದು, ಹಿತ್ತಾಳೆ ಬಟ್ಟಲಿಗೆ ಅನ್ನ ತೋಡಿ, ಚಹಾ ಬಗ್ಗಿಸಿ, ಗೂಡಿನೊಳಗೆ ಇಟ್ಟು, ಬಾಗಿಲು ಎಳೆಯುತ್ತಿದ್ದಳು. ತೆಗೆಯುವುದು ಮರೆತಿತ್ತು, ಮುಚ್ಚುವುದು ಮರೆತಿರಲಿಲ್ಲ. ಸಂಜೆಯವರೆಗೂ ಬಾಗಿಲು ಮುಚ್ಚಿಯೇ ಇರುತ್ತಿತ್ತು. ಮುತ್ಸುಕೊ ಬಂದು ಅನ್ನ ತೆಗೆಯುತ್ತಿದ್ದಳು.

"ಕೈ ತಾನಾಗೇ ಹೋಗಿ ಬಾಗಿಲು ಹಾಕುತ್ತೆ ಅಕ್ಕ. ನೋಡಬೇಕು ನೀನು. ಆಗ ಅವಳು ನಮ್ಮಮ್ಮನೇ" ಎನ್ನುವಾಗ ಅವಳ ಮುಖ ಅರಳುತ್ತಿತ್ತು. ಆ ಮುಖ ನೋಡಿ ನನಗೂ ಸಂತೋಷವಾಗುತ್ತಿತ್ತು. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರೆ. ಇಡೀ ಜೀವಮಾನ ತೇವದ ಜೊತೆ ಏಗಿದ ಇಬ್ಬರು ಹೆಂಗಸರು, ಬಾಗಿಲು ಮುಚ್ಚಿದ ಪೆಟ್ಟಿಗೆಯೊಳಗೆ ದಿನವೂ ಕುದಿಯುವ ಅನ್ನ ಇಡುವ ಮಾತನ್ನು ಎಷ್ಟು ಸಲ ಆಡಿಕೊಂಡೆವು. ನಮ್ಮ ತಲೆಗೆ ಅದು ಹೊಳೆಯಲೇ ಇಲ್ಲ. ಕಾರ್ಖಾನೆಯಲ್ಲಿ ಅದಕ್ಕೆ ತೇವ ಎಂದು ಹೆಸರು. ಮನೆಯಲ್ಲಿ ಅದು ಅಪ್ಪನ ಊಟ.

ಏಳನೇ ವರ್ಷದ ಪೂಜೆ ಜೂನ್ ಮಳೆಯಲ್ಲೇ ಬಂತು. ಗುರುಗಳು ಬಂದು ಮಂತ್ರ ಹೇಳಿ ಹೋದರು. ಉಳಿದವರು ನಾವು ಮೂವರೇ. ತೋಮಿ ಹೊಸ ನಿಲುವಂಗಿ ತೊಟ್ಟು, ಅತಿಥಿಯ ಹಾಗೆ ಮೆತ್ತೆಯ ತುದಿಯಲ್ಲಿ ಕೂತಿದ್ದಳು. ಮುತ್ಸುಕೊ ಬೆಳಿಗ್ಗೆಯಿಂದ ಒಂದು ಕಡೆ ನಿಂತಿರಲಿಲ್ಲ. ಅಪ್ಪನ ಹಳೆಯ ಚಹಾ ಪಾತ್ರೆ ತೊಳೆದು ಒರೆಸಿ ಇಟ್ಟಿದ್ದಳು. ನೀರು ಕಾಯಿಸಿ ಆರಲು ಬಿಟ್ಟಿದ್ದಳು. ಒಳ್ಳೆಯ ಚಹಾಕ್ಕೆ ಕುದಿನೀರು ಸಲ್ಲದು.

"ತೆಗೀಲಾ ಅಕ್ಕ?"

"ತೆಗಿ ಮಾರಾಯ್ತಿ. ನನ್ನ ಎದೆ ಹೊಡ್ಕೊಳ್ತಿದೆ."

ಅವಳು ಗೂಡಿನೊಳಗೆ ಕೈ ಹಾಕಿ, ಫೋಟೋ ಪಕ್ಕಕ್ಕೆ ಸರಿಸಿ, ಪೊಟ್ಟಣ ಎತ್ತಿದಳು. ಎತ್ತಿದವಳು ಹಾಗೇ ನಿಂತಳು. ಬೆರಳು ಅಭ್ಯಾಸಬಲದಿಂದ ಅಂಚನ್ನು ಉಜ್ಜಿತ್ತು. ನಾನು ಮಾರು ದೂರ ಕೂತಿದ್ದೆ. ಸದ್ದೇ ಬರಲಿಲ್ಲ.

ಇನ್ನೊಮ್ಮೆ ಉಜ್ಜಿದಳು. ಕಿವಿಯ ಹತ್ತಿರ ಒಯ್ದಳು. ಆಮೇಲೆ ಗೂಡಿನ ಒಳಗೋಡೆಗೆ ಅಂಗೈ ಒತ್ತಿ ನೋಡಿದಳು. ಫೋಟೋದ ಗಾಜನ್ನು ನೋಡಿದಳು. ಅದರ ಮೂಲೆಗಳಲ್ಲಿ ಒಳಗಿನಿಂದ ಮಂಜು ಕಟ್ಟಿ ಕಲೆಯಾಗಿತ್ತು. ಹಿತ್ತಾಳೆ ಗಂಟೆ ಹಸಿರು ಹಿಡಿದಿತ್ತು. ಒಳಗಿನ ಚಿನ್ನದ ರೇಕು ಎದ್ದಿತ್ತು. ಹಳೆಯ ಗೂಡು ಎಂದು ಇಷ್ಟು ವರ್ಷ ಸುಮ್ಮನಿದ್ದೆವು.

ನಾನು ಎದ್ದು ಹೋಗಿ ಪೊಟ್ಟಣವನ್ನು ಕಿಟಕಿಯ ಬೆಳಕಿಗೆ ತಂದೆ. ಗೂಡಿನ ಹಳದಿ ದೀಪದಲ್ಲಿ ಎಲ್ಲವೂ ಬಂಗಾರದ ಬಣ್ಣಕ್ಕೇ ಕಾಣುತ್ತದೆ, ದಿನವೂ ನೋಡುವ ಕಣ್ಣಿಗೆ ಬದಲಾವಣೆ ತಿಳಿಯುವುದಿಲ್ಲ. ಹಗಲಿನ ಬೆಳಕಲ್ಲಿ ತಿಳಿಯಿತು. ಆ ಕಡುಹಸಿರು ಸೂಜಿಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿದ್ದವು.

"ಹಬೆ" ಎಂದಳು ಮುತ್ಸುಕೊ. ಕಿರುಚಲಿಲ್ಲ, ಅಳಲಿಲ್ಲ. "ದಿನಾ ಬೆಳಿಗ್ಗೆ, ಅಕ್ಕ. ಬಾಗಿಲು ಮುಚ್ಚಿ. ನಾನೇ ಅನ್ನ ಮಾಡಿಕೊಟ್ಟೆ."

"ಯಾವ ಹಾಳೆ ಆದ್ರೂ ಇಷ್ಟು ವರ್ಷಕ್ಕೆ ಸ್ವಲ್ಪ ಬಿಟ್ಟುಕೊಡ್ತಿತ್ತು ಕಣೇ. ತಾನಾಗೇ ಅರ್ಧ ಹೋಗಿರ್ತಿತ್ತು."

"ಅರ್ಧ ಇದ್ದಿದ್ರೆ ಸಾಕಿತ್ತಲ್ಲ" ಎಂದಳು.

ಗೂಡಿನಿಂದ ಹತ್ತು ಹೆಜ್ಜೆಯಾಚೆ, ಮೆಟ್ಟಿಲ ಕೆಳಗೆ, ತಗಡು ಬಡಿದ ಆ ದೇವದಾರು ಪೆಟ್ಟಿಗೆ ಇತ್ತು. ಅದರಲ್ಲಿ ಚಳಿಗಾಲದ ಹೊದಿಕೆಗಳನ್ನು ತುಂಬಿದ್ದರು. ನನ್ನ ಕಣ್ಣು ಅತ್ತ ಹೋಯಿತು, ಅವಳ ಕಣ್ಣೂ ಹೋಯಿತು.

"ಆರಿಸಿಟ್ಟ ನೀರು ತಾ ಅಕ್ಕ."

"ಬೇಡವೇ. ಇನ್ನು ಯಾಕೆ?"

"ಅಪ್ಪ ಹೊಸೆದದ್ದು ಅಲ್ವಾ. ಬಿಸಾಕಕ್ಕಾಗುತ್ತಾ?"

ಕತ್ತರಿಯಿಂದ ಪೊಟ್ಟಣದ ಬಾಯಿ ಕತ್ತರಿಸಿ ಮೂಗಿನ ಹತ್ತಿರ ಹಿಡಿದಳು. ನನ್ನ ಕಡೆಗೂ ಚಾಚಿದಳು. ಹಳೆಯ ಕಾಗದದ ವಾಸನೆ. ಆದರೂ ಪಾತ್ರೆಗೆ ಹಾಕಿ ನೀರು ಬಗ್ಗಿಸಿದಾಗ ಸೂಜಿಗಳು ನಿಧಾನವಾಗಿ ಬಿಚ್ಚಿಕೊಂಡವು. ಎರಡು ಎಲೆ, ಒಂದು ಮೊಗ್ಗು, ಎಲ್ಲವೂ ಇಡಿಯಾಗಿ. ಒಂದಾದರೂ ಮುರಿದಿರಲಿಲ್ಲ. ಕೈ ಉಳಿದಿತ್ತು, ಘಮ ಉಳಿದಿರಲಿಲ್ಲ. ಅದನ್ನು ನೋಡಿದಾಗಲೇ ಮುತ್ಸುಕೊ ತುಟಿ ಕಚ್ಚಿದ್ದು.

ಬಟ್ಟಲನ್ನು ತಾಯಿಯ ಮುಂದೆ ಇಟ್ಟು, ಎದುರಿಗೆ ಮಂಡಿಯೂರಿ ಕೂತಳು. ಇಷ್ಟಾದ ಮೇಲೂ ಅವಳು ಕಾದಳು. ನಾನೂ ಕಾದೆ. ಹೊರಗೆ ಮಳೆ ಬೀಳುತ್ತಲೇ ಇತ್ತು. ಬೈಯಮ್ಮಾ, ಒಂದು ಸಲ ಬೈಯಿ, ಸೀದಿದೆ ಅನ್ನು, ಕೆಟ್ಟಿದೆ ಅನ್ನು, ಏನಾದರೂ ಅನ್ನು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ.

ತೋಮಿ ಬೆನ್ನು ನೆಟ್ಟಗೆ ಮಾಡಿದಳು. ಎರಡೂ ಕೈಯಲ್ಲಿ ಬಟ್ಟಲು ಹಿಡಿದಳು. ಒಂದು ಗುಟುಕು ಕುಡಿದಳು, ಇನ್ನೊಂದು ಕುಡಿದಳು. ಬಟ್ಟಲು ಕೆಳಗಿಟ್ಟು ತಲೆ ಬಾಗಿಸಿದಳು.

"ಬಹಳ ಚೆನ್ನಾಗಿದೆ. ಎಲ್ಲಿಂದ ತರಿಸಿದ್ರಿ?"

ಮುತ್ಸುಕೊ ಎರಡೂ ಅಂಗೈಗಳನ್ನು ಚಾಪೆಗೆ ಊರಿದಳು. ಹಣೆ ಚಾಪೆಗೆ ತಾಗುವಷ್ಟು ಬಾಗಿದಳು. ಮನೆಗೆ ಬಂದ ಅತಿಥಿ ಹೊಗಳಿದರೆ ಮನೆಯವರು ಹೇಳಬೇಕಾದ ಮಾತನ್ನೇ ಹೇಳಿದಳು.

"ವಿಶೇಷ ಏನೂ ಇಲ್ಲ. ಸಾಧಾರಣ ಚಹಾ. ದಯವಿಟ್ಟು ಕ್ಷಮಿಸಬೇಕು."

ಅವಳು ಬಹಳ ಹೊತ್ತು ತಲೆ ಎತ್ತಲಿಲ್ಲ.

"ಹಾಗನ್ಬೇಡಿ" ಎಂದಳು ತೋಮಿ. "ತಪ್ಪು ತಿಳೀದಿದ್ರೆ ಇನ್ನೊಂದು ಬಟ್ಟಲು ಕೊಡ್ತೀರಾ? ನನಗಲ್ಲ. ನಮ್ಮ ಯಜಮಾನರಿಗೆ. ಚಹಾ ಅಂದ್ರೆ ಅವರಿಗೆ ಪ್ರಾಣ. ಬಿಸಿ ಇರ್ಬೇಕು."

ಮುತ್ಸುಕೊ ಎದ್ದು ನೀರನ್ನು ಮತ್ತೆ ಒಲೆಗಿಟ್ಟು ಕುದಿಸಿ ಅದೇ ಎಲೆಗಳ ಮೇಲೆ ಬಗ್ಗಿಸಿ, ಬಟ್ಟಲು ತುಂಬಿ, ತಾಯಿಯ ಕೈಗೆ ಕೊಟ್ಟಳು. ತೋಮಿ ಅದನ್ನು ಒಯ್ದು ಫೋಟೋದ ಮುಂದೆ ಇಟ್ಟಳು.

"ರೀ, ತಣ್ಣಗಾಗೋಕ್ಕೆ ಮುಂಚೆ ಕುಡೀರಿ. ಆಮೇಲೆ ನನ್ನ ಬೈಬೇಡಿ" ಎಂದಳು, ಹಳೆಯ ದನಿಯಲ್ಲಿ. ಆ ದನಿ ಮಗಳ ಕಡೆಗೆ ತಿರುಗಲಿಲ್ಲ. ಕೈ ತಾನಾಗಿ ಹೋಗಿ ಬಾಗಿಲುಗಳನ್ನು ಎಳೆಯಿತು, ಹಬೆ ಒಳಗೇ ಉಳಿಯಿತು.

ಮುತ್ಸುಕೊ ತಡೆಯಲಿಲ್ಲ. ಆ ಗೂಡಿನಲ್ಲಿ ತೇವಕ್ಕೆ ಕೆಡುವಂಥದ್ದು ಇನ್ನೇನೂ ಉಳಿದಿರಲಿಲ್ಲ.